ಓಕ್ ಎಂದು ಬರೆದಿದೆ

ಶಾರ್ಜಾ, ಹದಿಮೂರನೇ ಇಂಡಸ್ಟ್ರಿಯಲ್ ಏರಿಯಾ.
ತಗಡಿನ ಶೆಡ್ಡಿನೊಳಗೆ
ಒಂದು ಮನೆತನ ಬಂದಿಳಿದಿದೆ
ನಲವತ್ತೊಂದು ಪೆಟ್ಟಿಗೆಗಳಲ್ಲಿ.

ಪೆಲ್‌ವರಿ ಹಾಲ್, ಎಂಟು ತಲೆಮಾರು.
ಮೆಟ್ಟಿಲ ಕಟಕಟೆ, ಊಟದ ಕೋಣೆಯ ಹಲಗೆ,
ಗಿಡುಗನ ಲಾಂಛನ ಕೆತ್ತಿದ ಒಲೆಯ ಚೌಕಟ್ಟು;
ಮೇಲೊಂದು ಚರಿತ್ರೆಯ ಪುಸ್ತಿಕೆ, ಹೊಳಪು ಕಾಗದ.
ಖೋರಿನ ದಂಡೆಗೆ ಏಳುತ್ತಿರುವ ಹೊಸ ಹೋಟೆಲಿಗೆ
ಹಳೆಯದೊಂದು ವಂಶ ಬೇಕಂತೆ.

ನನ್ನ ಕೆಲಸ ನಂಬರು ನೋಡಿ ಜೋಡಿಸುವುದು.
ಏಳರ ಪಕ್ಕ ಎಂಟು, ಅಜ್ಜನ ಪಕ್ಕ ಅಪ್ಪ.

ಪುಸ್ತಿಕೆ ಓದಿ ಹೇಳಿದವನು ಸ್ಟೋರಿನ ಜೋಮನ್:
ಮೊದಲನೆಯವ ರಾಜನ ಕುದುರೆ ನೋಡಿಕೊಂಡು ಜಮೀನು ಪಡೆದ,
ಮೂರನೆಯವ ಇಸ್ಪೀಟಿನಲ್ಲಿ ಗಿರಣಿ ಸೋತ,
ಐದನೆಯ ಸರ್ ಆಂಬ್ರೋಸ್ ಹಿಂದೂಸ್ಥಾನದ ನೌಕರಿ ಮುಗಿಸಿ ಬಂದು
ತನ್ನದೇ ತೋಪಿನ ಓಕ್ ಕಡಿಸಿ ಗ್ರಂಥಾಲಯ ಮಾಡಿಸಿದ.
ಕೊನೆಯವಳು ಮಿಸ್ ಲೆಟಿಸ್. ಮದುವೆಯಿಲ್ಲ.
ಸೋರುವ ಹದಿನೇಳು ಕೋಣೆ, ಒಂದು ಹೀಟರು, ಎರಡು ನಾಯಿ.
ಬಿಚ್ಚಲು ಬಂದವರಿಗೆ ಚಹಾ ಕೊಟ್ಟು ಅಂದಳಂತೆ:
ಮೂರನೇ ಮೆಟ್ಟಿಲು ಕಿರುಗುಟ್ಟುತ್ತದೆ, ಹೆದರಬೇಡಿ.

ಇಪ್ಪತ್ತಾರನೇ ಪೆಟ್ಟಿಗೆ, ಗ್ರಂಥಾಲಯ.
ಒಂದು ಹಲಗೆ ಕೂರಲೊಲ್ಲದು,
ಕಡಲ ಗಾಳಿಗೆ ಉಬ್ಬಿತ್ತೋ ಏನೋ.
ಅಂಚಿಗೆ ಕೀಸುಳಿ ತಾಗಿಸಿದೆ,
ಒಂದೇ ಎಳೆತ.
ಕಪ್ಪು ಮೇಣದಡಿಯಿಂದ ಸುರುಳಿಯಾಗಿ ಎದ್ದು ಬಂತು
ಎಣ್ಣೆ ಸವರಿದ ಚರ್ಮದ ವಾಸನೆ.

ಓಕಿನದು ಹುಳಿ ವಾಸನೆ. ಇದಲ್ಲ.
ಗಂಗೊಳ್ಳಿಯಲ್ಲಿ ದೋಣಿ ಕಟ್ಟುವಾಗ
ಮಾವ ಕೀಸಿದ್ದನ್ನು ನಾನು ಗುಡಿಸುತ್ತಿದ್ದಾಗಿನಿಂದ
ಮೂಗಿಗೆ ಗೊತ್ತು.
ಸಾಗುವಾನಿ.
ಬೆರಳಿಗೆ ಹತ್ತಿದ ಜಿಡ್ಡೂ ಅದೇ.

ಮಗುಚಿ ನೋಡಿದೆ. ಬೆನ್ನಿಗೆ ಸುತ್ತಿಗೆ ಮುದ್ರೆ:
ಒಂದು ಕಿರೀಟ, ಕೆಳಗೆ ಅರ್ಧ ಅಳಿಸಿದ ಅಕ್ಷರ.
ಯಾವ ಘಟ್ಟದ್ದೋ, ಯಾವ ಹೊಳೆಗೆ ಉರುಳಿಸಿದ ದಿಮ್ಮಿಯೋ,
ಪುಸ್ತಿಕೆಯಲ್ಲಿ ಇಲ್ಲ.

ಫೋರ್‌ಮನ್ ಗುಲ್‌ಜಮಾನ್ ಬಂದ. ಏನು ಆಚಾರಿ, ನಿಂತೆ?
ಬಿಲ್ಲು ತೋರಿಸಿದ. ಓಕ್ ಎಂದು ಬರೆದಿದೆ.
ಹೇಳಿದರೆ ಲಂಡನ್ನಿಗೆ ಪತ್ರ, ವಕೀಲರು, ಕೆಲಸ ನಿಲ್ಲುತ್ತದೆ;
ನಿಂತ ಕೆಲಸಕ್ಕೆ ಕೂಲಿಯಿಲ್ಲ.
ಸರ್ ಆಂಬ್ರೋಸ್ ಹೇಳಿದ್ದನ್ನು
ಮೂರು ತಲೆಮಾರು ಮೇಣ ಹಚ್ಚಿ ಕಾಪಾಡಿದೆ,
ನಾನೊಬ್ಬ ಯಾಕೆ ಕೆರೆಯಲಿ?

‘ಓಕೇ’ ಅಂದೆ.
ಅವನಿಗೆ ಯಾವುದು ಕೇಳಿಸಿತೋ,
ತಲೆಯಾಡಿಸಿ ಹೋದ.

ಹನ್ನೆರಡೂವರೆಗೆ ಗಂಟೆ.
ಸುರುಳಿಯೊಂದನ್ನು ಕಿಸೆಗಿಳಿಸಿ
ಬುತ್ತಿ ಹಿಡಿದು ಹತ್ತಿದೆ
ಎಲ್ಲಿಗೂ ಹೋಗದ, ಅರ್ಧ ಜೋಡಿಸಿದ ಮೆಟ್ಟಿಲು.

ಮೂರನೆಯದು ಕಿರುಗುಟ್ಟಿತು.
ಓದಿ ಹೇಳಿದ್ದ ಜೋಮನ್ನೇ ಬೆಚ್ಚಿದ.