ತಟ್ಟಿಯ ಗುರುತು

ನಮ್ಮ ಹಿಂದಿನ ಹುಲ್ಲುಗಾವಲಿನಲ್ಲೊಂದು ಗೋಪುರವಿದೆ.
ಅರ್ಧವಿದೆ ಅನ್ನಿ.
ಉಳಿದರ್ಧ ಅಪ್ಪ ಹುಟ್ಟುವ ಮೊದಲೇ
ಜನವರಿಯ ಒಂದು ರಾತ್ರಿ ಕಡಲಗಾಳಿಗೆ ಕುಸಿಯಿತು.
ಸದ್ದಿಗೆ ಎದ್ದು ಕೂತ ಅಜ್ಜಿ
‘ಬಂದರು’ ಅಂದಳಂತೆ.
ಯಾರು ಬಂದರೆಂದು ಬೆಳಗ್ಗೆ ಕೇಳಿದರೆ
ಅವಳಿಗೂ ಗೊತ್ತಿಲ್ಲ.

ಓ ಗೊವ್ರಾನರ ಕೋಟೆ, ಎನ್ನುತ್ತಿದ್ದರು ಲೊಕ್ಲಿನ್ ಮಾಸ್ತರು,
ಸೀಮೆಸುಣ್ಣದ ಕೈಯನ್ನು ಕೋಟಿಗೆ ಒರೆಸಿಕೊಳ್ಳುತ್ತ:
ಐದು ಅಂತಸ್ತು, ಎಂಟಡಿ ದಪ್ಪ ಗೋಡೆ,
ಹಸು ಕದಿಯುವುದೇ ಕಸುಬು,
ಕದ್ದದ್ದನ್ನು ಹೊಗಳಲು ಸಂಬಳಕ್ಕೊಬ್ಬ ಕವಿ.
ನಾಯಕತನಕ್ಕಾಗಿ ಅಣ್ಣ ತಮ್ಮನ ಕಣ್ಣು ಕೀಳಿಸಿದ.
ಅವನ ಮೊಮ್ಮಗ ತನ್ನದೇ ನೆಲವನ್ನು
ಲಂಡನ್ನಿನ ರಾಣಿಯ ಪಾದಕ್ಕಿಟ್ಟು
ಅವಳ ಕೈಯಿಂದಲೇ ದಾನ ಪಡೆದ, ಮೊಹರು ಸಮೇತ;
ಅವನ ಮೊಮ್ಮಗನ ಕಾಲಕ್ಕೆ
ಮೊಹರಿನ ಮೇಣ ಕರಗಿತ್ತು.
ಪಾರ್ಲಿಮೆಂಟಿನ ಸಿಪಾಯಿಗಳು ಮೂಲೆಗೆರಡು ಪೀಪಾಯಿ ಮದ್ದಿಟ್ಟರು.
ಗೋಪುರ ಒಮ್ಮೆ ಕೆಮ್ಮಿ, ನಿಂತೇ ಇತ್ತು.
ಆಮೇಲೆ ಅವರೆಲ್ಲ ಎಲ್ಲಿಗೆ ಹೋದರು, ಮಾಸ್ತರೇ?
ಪಶ್ಚಿಮಕ್ಕೆ, ಕಲ್ಲುನೆಲಕ್ಕೆ. ಕೆಲವರು ಸ್ಪೇನಿಗೆ.
ಮತ್ತೆ ನಾವು?
ಮಾಸ್ತರು ಗಡಿಯಾರ ನೋಡುತ್ತಿದ್ದರು.

ನಾವು ಗೊವ್ರಾನರಲ್ಲ.
ಅವರ ಹಸು ಕಾದವರೋ, ಅವರಿಗೆ ಹಸು ಕಳೆದುಕೊಂಡವರೋ,
ಯಾವ ಚರ್ಮದ ಹಾಳೆಯಲ್ಲೂ ನಮ್ಮ ಹೆಸರಿಲ್ಲ.
ಆದರೆ ನಮ್ಮ ಹಟ್ಟಿಯ ಬಾಗಿಲ ತಲೆಯ ಮೇಲಿರುವುದು
ಆ ಕೋಟೆಯ ಕಿಟಕಿಯ ಕಲ್ಲು;
ಹಂದಿಗೂಡಿನ ಗೋಡೆಯಲ್ಲಿ
ಕೆತ್ತಿದ ಬಳ್ಳಿಯ ಒಂದು ಸುಳಿ, ತಲೆಕೆಳಗಾಗಿ.
ಊರಿನ ಯಾವ ಮನೆಯ ಗೋಡೆ ಕೆರೆದರೂ ಸಿಗುತ್ತದೆ
ಒಂದು ಮುಷ್ಟಿ ಕೋಟೆ.

ಬೇಸಿಗೆಗೆ ಬರುತ್ತಾರೆ ಗೊವ್ರಾನರು,
ಓಹಾಯೋದಿಂದ, ಪರ್ತ್‌ನಿಂದ, ಹೊಸ ಬೂಟು ಹಾಕಿ.
ಹೋದ ವರ್ಷ ವಾರೆನ್ ಎಂಬಾತ
ಗೋಡೆಗೆ ಹಣೆಯಿಟ್ಟು ಅತ್ತ.
ಬೇಲಿಯಾಚೆ ಬಕೆಟ್ ಹಿಡಿದು ನಿಂತೆ ನಾನು,
ಎತ್ತ ನೋಡಬೇಕೆಂದು ತಿಳಿಯದೆ.
ಆತ ಹಣೆಯಿಟ್ಟದ್ದು
ಶೌಚದ ಗಂಡಿ ಇಳಿಯುವ ಮೂಲೆಗೆ.
ಹೇಳಲಿಲ್ಲ. ಟೀ ಕೊಟ್ಟೆ.

ಒಳಗೆ ಸುರುಳಿ ಮೆಟ್ಟಿಲು ಬಲಕ್ಕೆ ತಿರುಗುತ್ತದೆ;
ಏಳನೆಯದು ಉಳಿದವಕ್ಕಿಂತ ನಾಲ್ಕು ಬೆರಳು ಎತ್ತರ,
ಕತ್ತಲಲ್ಲಿ ನುಗ್ಗುವ ಶತ್ರು ಎಡವಲೆಂದು.
ಎರಡು ಸಲ ಎಡವಿದ್ದೇನೆ,
ಯಾರ ಶತ್ರುವೂ ಅಲ್ಲದವಳು,
ಕಳೆದ ಕುರಿಮರಿ ಹುಡುಕುತ್ತ.
ನಾನೂರು ವರ್ಷದ ಸಿಟ್ಟು, ನನ್ನ ಮಂಡಿಚಿಪ್ಪಿಗೆ.

ಮಾರ್ಚಿನಲ್ಲಿ ಕೆಂಪು ಕಡಸು ಕಾಣೆಯಾಯಿತು.
ಆಲಿಕಲ್ಲಿನ ರಾತ್ರಿ. ತಮ್ಮ ಫಿಂಟನ್ ಲಿಮರಿಕ್‌ನಲ್ಲಿ.
ಸಿಕ್ಕಿದ್ದು ಗೋಪುರದ ಕೆಳಗೆ,
ನಾಯಕರ ಉಗ್ರಾಣದಲ್ಲಿ, ಚೊಚ್ಚಲ ನೋವು ತಿನ್ನುತ್ತ.
ಕಾಯುವುದಷ್ಟೇ ಕೆಲಸ.
ಒದ್ದೆ ನೆಲಕ್ಕೆ ಬೆನ್ನು ಕೊಟ್ಟು ಟಾರ್ಚು ಮೇಲೆ ಹಿಡಿದರೆ
ಕಮಾನಿನ ಹೊಟ್ಟೆ ತುಂಬ ಬುಟ್ಟಿ.

ಬುಟ್ಟಿಯಲ್ಲ, ಬುಟ್ಟಿಯ ಗುರುತು.
ಕಲ್ಲು ಕೂರುವವರೆಗೆ ಕೆಳಗಿಂದ ಆನಿಸಲು
ಹೇಜಲ್ ಕಡ್ಡಿಯ ತಟ್ಟಿ ಹೆಣೆದು
ಮೇಲೆ ಹಸಿ ಸುಣ್ಣ ಸುರಿದಿದ್ದರು.
ಕಡ್ಡಿ ಕೊಳೆತು ಉದುರಿ ಯಾವ ಕಾಲವಾಯಿತೋ,
ಒಂದರ ಮೇಲೆ, ಒಂದರ ಕೆಳಗೆ,
ಸುಣ್ಣ ಮರೆತಿಲ್ಲ.
ಒಲೆಗೆ ಪೀಟ್ ಹೊರುವ ಬುಟ್ಟಿ ಹೀಗೇ ಹೆಣೆಯುತ್ತಿದ್ದಳು ಅಮ್ಮ,
ಕಡ್ಡಿಯ ತುದಿ ಹಲ್ಲಲ್ಲಿ ಕಚ್ಚಿ.
ಐವತ್ತಾರು ವರ್ಷ ಈ ಸೂರಿನಡಿ ಓಡಾಡಿ
ಒಮ್ಮೆಯೂ ಕತ್ತೆತ್ತಿರಲಿಲ್ಲ ನಾನು.

ಗೂಡಿನಲ್ಲಿ ಬೂದುಕತ್ತಿನ ಕಾಗೆ ಗೊಣಗಿತು.
ಮೂಡಣ ಮೂಲೆಯಲ್ಲಿ, ನೋಡಿ,
ಒಂದು ಕಡೆ ಹೆಣಿಗೆ ತಪ್ಪಿದೆ:
ಎರಡರ ಮೇಲೆ ಹಾದಿದೆ ಕಡ್ಡಿ, ಮುಂದಿನದು ತಡವರಿಸಿ
ಮತ್ತೆ ದಾರಿಗೆ ಬಂದಿದೆ.
ಯಾರೋ ಕರೆದಿರಬೇಕು ಆಗ ಹೊರಗಿನಿಂದ,
ಊಟಕ್ಕೋ, ಮಳೆ ಬಂತೆಂದೋ.
ಅವನು ತಿರುಗಿ ನೋಡಿರಬೇಕು.

ಕರು ಬಂತು ನಾಲ್ಕರ ಸುಮಾರಿಗೆ, ಹಿಂಗಾಲು ಮುಂದಾಗಿ.
ಎರಡೂ ಕೈಯಲ್ಲಿ ಎಳೆದೆ.