ಓಲೆ ಕಾಣುವ ಹಾಗೆ

ಭಾನುವಾರ ನಸುಕಿಗೆ ಪೇಟೆಬೀದಿಯ ಷಟರು
ಅರ್ಧ ಎತ್ತಿ, ಬಗ್ಗಿ, ಕ್ಯಾಮೆರಾ ಚೀಲ ಹೊರಗೆಳೆದು
ಮತ್ತೆ ಇಳಿಸುತ್ತೇನೆ. ಒಳಗೆ, ವಾರವಿಡೀ
ಗದ್ದ ಮೇಲೆ, ಭುಜ ಸಮ, ಕಣ್ಣು ಮುಚ್ಚಬೇಡಿ ಎಂದು
ಗದರಿಸಿಕೊಂಡ ಮುಖಗಳು
ಎಂಟೆಂಟರ ಹಾಳೆಯಲ್ಲಿ ಒಣಗುತ್ತಿರುತ್ತವೆ.

ಬಸರಾಳು ದಾಟಿದ ಮೇಲೆ ಕಬ್ಬು ಹಿಂದೆ ಬೀಳುತ್ತದೆ.
ನಾಲೆ ಯಾರ ಮಾತೂ ಕೇಳದೆ ಬಲಕ್ಕೆ ಹೊರಳಿದರೆ
ಎಡಕ್ಕೆ ಬೋರೆ: ಬಂದರೆ, ಕಾರೆ, ತಂಗಡಿ,
ಬಿಸಿಲಿಗೆ ಬೆನ್ನು ಕೊಟ್ಟ ಬಂಡೆ.
ಗಾಡಿ ಆರಿಸಿದರೆ ಕಿವಿಯೊಳಗೆ
ನನ್ನದೇ ನೆತ್ತರು ಹರಿಯುವ ಸದ್ದು.

ಮನೆಯವಳು ಕೇಳುತ್ತಾಳೆ, ಅಲ್ಲೇನಿದೆ?
ಏನೂ ಇಲ್ಲ. ಅದಕ್ಕೇ ಹೋಗುವುದು.
ಮದುವೆ ಆಲ್ಬಮ್ಮಿನ ಪುಟಕ್ಕೆ ಹದಿನಾಲ್ಕು ಜನ ತುರುಕಿ ತುರುಕಿ
ಬೆರಳಿಗೆ ಬಯಲಿನ ಹಸಿವು.
ಮತ್ತೆ, ಹೇಳಿದರೆ ನಗುತ್ತಾಳೆ, ಒಂದು ತೋಳ.

ಎರಡು ವರ್ಷವಾಯಿತು.
ಒಣಗಿದ ಕೆರೆಯಂಗಳದಲ್ಲಿ ಹೆಜ್ಜೆ ಸಿಕ್ಕಿದೆ,
ಹಿಕ್ಕೆ ಸಿಕ್ಕಿದೆ, ಅದರೊಳಗೆ ಕುರಿಯ ತುಪ್ಪಟ.
ಒಮ್ಮೆ ಸಂಜೆ ದಿಬ್ಬದಂಚಿಗೆ ಎರಡು ಕಿವಿ ಮೂಡಿ
ಲೆನ್ಸು ತಿರುಗಿಸುವಷ್ಟರಲ್ಲಿ
ಹುಲ್ಲು ಮಾತ್ರ ತೂಗುತ್ತಿತ್ತು.
ಆ ಹುಲ್ಲಿನ ಫೋಟೋಗೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತಗುಲಿಸಿದ್ದೇನೆ.
ಭತ್ತದ ಗದ್ದೆಯೇ, ಎನ್ನುತ್ತಾರೆ ಗಿರಾಕಿಗಳು.

"ಆಗಿಂದ ಏನ್ ತೆಗೀತಿದ್ದೀರಿ ಸಾಬ್ರೆ, ಇಲ್ಲೇನದೆ ಅಂತ?"
ಮಂಚಮ್ಮ. ಹೆಗಲಿಗೆ ಕಂಬಳಿ, ಕಂಕುಳಲ್ಲಿ ಕೋಲು,
ಹಿಂದೆ ಮೂವತ್ತು ಕುರಿಯ ಧೂಳು.
ಪರದೆಯಲ್ಲಿ ತೋರಿಸಿದೆ. ಬಂಡೆ, ಬಯಲು, ಆಕಾಶ;
ನರಪಿಳ್ಳೆ ಇಲ್ಲವೆಂದು ನಾನು ಹೆಮ್ಮೆಪಟ್ಟ ಚಿತ್ರ.
ಆಕೆ ಉಗುರಿಟ್ಟು ಓದತೊಡಗಿದಳು:
"ನಮ್ಮತ್ತೆ ಹೆರಿಗೆನೋವು ತಿಂದ ಕಲ್ಲು ಇದು.
ಇಲ್ಲಿ ಮೊಣಕೈಯುದ್ದ ತೋಡುದ್ರೆ ನೀರದೆ.
ಇದು ಬೋಳನ ಗುಂಡಿ. ನಮ್ ನಾಯಿ.
ಇಕ್ಕಳಿ, ಇದು ಅದ್ರ ಜಾಡು."
ಯಾವುದರ?
"ನೀವು ಹುಡುಕ್ತಿರೋದ್ರದು."
ಗಾಜಿನ ಮೇಲೆ ಉಗುರಿನ ಗೆರೆ ಇನ್ನೂ ಇದೆ. ಒರೆಸಿಲ್ಲ.

ಹೋದ ವಾರ, ಐದು ಗಂಟೆಗೆ, ಅವಳ ಮೊಮ್ಮಗನ ಫೋನಿನಿಂದ:
"ಬಿರ್ನೆ ಬನ್ನಿ. ನಿಮ್ ತೋಳ ಬಂದಿತ್ತು."
ಉದ್ದ ಲೆನ್ಸು ಸಿಕ್ಕಿಸಿಕೊಂಡೇ ಗಾಡಿ ಓಡಿಸಿದೆ
ಖುಷಿಯಲ್ಲಿ. ಹೌದು, ಖುಷಿಯಲ್ಲೇ,
ಸುಳ್ಳೇಕೆ ಹೇಳಲಿ.

ರೊಪ್ಪದ ಮುಳ್ಳುಬೇಲಿಯಾಚೆ ಅರ್ಧ ಕುರಿ ಇತ್ತು.
ಇನ್ನರ್ಧ ಇರಬೇಕಾದ ಕಡೆ ಒದ್ದೆ ಮಣ್ಣು, ನೊಣ.
"ಪರಿಹಾರಕ್ಕೆ ಫೋಟೋ ಮಡಗ್ಬೇಕಂತೆ.
ಓಲೆ ಕಾಣ್ಬೇಕಂತೆ, ನಂಬರು ಓದೋ ಹಂಗೆ."
ಕಿವಿಯನ್ನು ತಾನೇ ಹಿಡಿದು ಬಿಡಿಸಿದಳು,
ಮದುವಣಗಿತ್ತಿಯ ಜುಮುಕಿ ಸರಿಮಾಡುವ ಅಕ್ಕನ ಹಾಗೆ.
ಹಳದಿ ಪ್ಲಾಸ್ಟಿಕ್ಕು, ಕಪ್ಪು ಅಂಕಿ, ಒಂದರ ಮೇಲೆ ರಕ್ತ.
ಅದನ್ನು ಎಂಜಲು ಹಚ್ಚಿ ಒರೆಸಿದಳು.
ಉದ್ದ ಲೆನ್ಸು ಇಷ್ಟು ಹತ್ತಿರಕ್ಕೆ ಬಗ್ಗುವುದಿಲ್ಲ.
ಬಿಚ್ಚಿ, ಸ್ಟುಡಿಯೋದ ಮೋಟು ಲೆನ್ಸು ಹಾಕಿ,
ಮೊಣಕಾಲೂರಿ, ರೂಢಿಬಿದ್ದ ಬಾಯಿ ತಡೆಯಲಾರದೆ
"ಸ್ವಲ್ಪ ಗದ್ದ ಮೇಲೆ" ಅಂದುಬಿಟ್ಟೆ.

ಅವಳು ಎತ್ತಿದಳು.

ಬೈಯಲಿಲ್ಲವೇ ಅದನ್ನು, ಎಂದೆ ಹೊರಡುವಾಗ.
"ಬೈದೆ ಬುಡಿ, ರಾತ್ರಿಯೆಲ್ಲ. ಗಂಟ್ಲು ಕಟ್ತು."
ದುಡ್ಡು ಬೇಡ ಎಂದದ್ದಕ್ಕೆ ನನಗೂ ಸಿಕ್ಕಿತು ಬೈಗುಳ,
ಒಂದು ಚೊಂಬು ಮಜ್ಜಿಗೆಯ ಜೊತೆ.

ಈಗ ಅಂಗಡಿಯಲ್ಲಿ ಹಾಳೆ ಕತ್ತರಿಸುತ್ತಿದ್ದೇನೆ.
ಎಸ್ಸೆಸ್ಸೆಲ್ಸಿ ಹುಡುಗರ ಸಾಲು ಮುಗಿದಲ್ಲಿ
ಆ ಕಿವಿ, ನಾಲ್ಕು ಪ್ರತಿ.
ಬಾಗಿಲಲ್ಲಿ ನಿಂತ ಗಿರಾಕಿ ಗೋಡೆ ನೋಡುತ್ತ
ಚೆನ್ನಾಗಿದೆ, ಯಾರದು ಈ ಗದ್ದೆ ಎಂದ.

ಮಂಚಮ್ಮನದು ಅಂದೆ.
ಅರ್ಧ.