ಬ್ರೇಕಿಲ್ಲದ ಸೈಕಲ್ಲು

ಟ್ರ್ಯಾಕಿನ ಸೈಕಲ್ಲಿಗೆ ಬ್ರೇಕಿಲ್ಲ ಎಂದರೆ
ಆಯಿ ನಂಬಲೇ ಇಲ್ಲ.
"ಮತ್ತೆ ನಿಲ್ಲೂದು ಹ್ಯಾಗೆ, ಸುಲಕ್ಷಾ?"
ನಿಲ್ಲೂದಿಲ್ಲ ಆಯಿ.
ತುಳಿಯೂದು ಬಿಟ್ಟರೆ ಪೆಡಲೇ ಕಾಲನ್ನು ತುಳೀತದೆ.

ಕಲಿತದ್ದು ಮಾಮನ ಮೀನಿನ ಸೈಕಲ್ಲಿನಲ್ಲಿ.
ಹಿಂದೆ ಬಂಗಡೆಯ ಪೆಟ್ಟಿಗೆ, ಬರ್ಫ ಕರಗಿ
ಬೈತಖೋಲದಿಂದ ಬಿಣಗಾವರೆಗೆ ನೀರಿನ ಗೆರೆ.
ಗೆರೆ ಒಣಗುವುದರೊಳಗೆ ತಿರುಗಿ ಬರಬೇಕು:
ಅದೇ ನನ್ನ ಮೊದಲ ಟೈಮ್ ಟ್ರಯಲ್.

ಆಮೇಲೆ ಕುಮಟೆಯಿಂದ ದೇವಿಮನೆ ಘಟ್ಟ.
ಲಾರಿಯ ಹೊಗೆ ಕುಡಿದು, ಒಂದು ತಿರುವಿನಲ್ಲಿ ಕಾರಿಕೊಂಡು,
ಕೆಳಗಿಳಿಯದೆ ಹತ್ತಿದೆ.
ಶಿರಸಿಯಲ್ಲಿ ಸೋಡಾ ಒಡೆದುಕೊಟ್ಟವ ಕೇಳಿದ,
"ಬಸ್ಸು ತಪ್ಪಿತೇ ತಂಗಿ?"

ದಿಲ್ಲಿಯ ವೆಲೊಡ್ರೋಮಿನಲ್ಲಿ ಗಾಳಿಯಿಲ್ಲ, ಉಪ್ಪಿಲ್ಲ.
ಹಲಗೆಯ ನೆಲ ಗೋಡೆಯ ಹಾಗೆ ಎದ್ದು ನಿಂತಿದೆ.
ಒಂಬತ್ತು ವರ್ಷ
ಹೊರಟಲ್ಲಿಗೇ ಬರುವುದಕ್ಕೆ ಸಂಬಳ.
ಒಂದೇ ಒಂದು ಸಲ, ಕಂಚು ತಪ್ಪಿದ್ದು
ಟೈರಿನ ದಪ್ಪದಷ್ಟರಲ್ಲಿ. ಫೋಟೊ ಇದೆ.
ಅದರಲ್ಲಿ ನನ್ನ ಬಾಯಿ
ಬಲೆಯಿಂದ ಈಗಷ್ಟೇ ಮರಳಿಗೆ ಸುರಿದ ಮೀನಿನದು.

ಈಗ ಕಾರವಾರ ಸ್ಟೇಷನ್ನಿನ ಟಿಕೆಟ್ ಕಿಟಕಿ.
ಕ್ರೀಡಾ ಕೋಟಾ. ಹೆಗಲೆಲುಬಿನಲ್ಲಿ ಆರು ಸ್ಕ್ರೂ.
ಮಡಗಾಂವ್ ಒಂದು, ಉಡುಪಿ ಎರಡು,
ಚಿಲ್ಲರೆ ಕೊಡಿ, ಚಿಲ್ಲರೆ ಇಲ್ಲ.
ಪದಕ ಯಾವುದು ಬಂತು ಎಂದು
ಸರತಿಯಲ್ಲಿ ನಿಂತ ಯಾರೂ ಕೇಳುವುದಿಲ್ಲ,
ಗಾಡಿ ಎಷ್ಟು ಲೇಟು ಎಂದು ಕೇಳುತ್ತಾರೆ.

ಮಧ್ಯಾಹ್ನ ಶಿರವಾಡದ ಶಾಲೆಯಲ್ಲಿ
ಗಂಟೆ ಬಾರಿಸುತ್ತದೆ.
ಮಕ್ಕಳಿಗೆ ಅದು ಊಟ;
ನನ್ನ ಕಾಲಿಗೆ, ಹೇಳಿದರೂ ಕೇಳದ ಕಾಲಿಗೆ,
ಕೊನೆಯ ಸುತ್ತು.

ಪಕ್ಕದ ಕೌಂಟರಿನ ಅಲ್ಬೀನಾ
ಚಹದ ಲೋಟ ಎತ್ತಿ ಹಿಡಿಯುತ್ತಾಳೆ,
"ಮೇಜು ಅಲ್ಲಾಡ್ತದೆ ಮಾರಾಯ್ತಿ."